ಮೂಗಿಗೆ ಚೂರ್ಣ ಊದುವುದು, ಎದೆಗೆ ಗಾಳಿ ತುಂಬುವುದು: ಹಳೆಯ ಚಿಕಿತ್ಸೆಗಳಲ್ಲಿ ಹುರುಳಿತ್ತೇ?

ಶರಾವತಿ_ತೀರ
ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ವೈದ್ಯಕೀಯದ ಚರಿತ್ರೆಯ ಬಗ್ಗೆ ಮಕ್ಕಳಿಗೆ ಒಂದು ಉಪನ್ಯಾಸ ಸಿದ್ಧಪಡಿಸುವಾಗ ವಾಗ್ಭಟನ ಆಯುರ್ವೇದ ಗ್ರಂಥವಾದ ಅಷ್ಟಾಂಗಹೃದಯದಲ್ಲಿ ನಸ್ಯದ, ಎಂದರೆ ಮೂಗಿನ ಮೂಲಕ ಔಷಧ ಕೊಡುವ ಕ್ರಮದ, ಅಧ್ಯಾಯವನ್ನು ಓದಿದೆ. ಆರು ಅಂಗುಲ ಉದ್ದದ, ಎರಡೂ ತುದಿ ತೆರೆದಿರುವ ಕೊಳವೆಯಲ್ಲಿ ಔಷಧದ ಚೂರ್ಣವನ್ನಿಟ್ಟು, ಬಾಯಿಯ ಗಾಳಿಯಿಂದಲೇ ಅದನ್ನು ರೋಗಿಯ ಮೂಗಿಗೆ ಊದಬೇಕೆಂದು ಅಲ್ಲಿ ಹೇಳಿದೆ. ಚೀನಾದಲ್ಲಿ ಸಿಡುಬಿನ ಹಕ್ಕಳೆಯನ್ನು ಪುಡಿ ಮಾಡಿ ಮಕ್ಕಳ ಮೂಗಿಗೆ ಊದುತ್ತಿದ್ದರಂತೆ, ಲಂಡನ್ನಿನಲ್ಲಿ ನೀರಿನಲ್ಲಿ ಮುಳುಗಿದವರನ್ನು ಬದುಕಿಸಲು ಗುದದ್ವಾರದಿಂದ ತಂಬಾಕಿನ ಹೊಗೆಯನ್ನು ತುಂಬುತ್ತಿದ್ದರಂತೆ. ಒಬ್ಬರನ್ನೊಬ್ಬರು ಕಾಣದ ಜನರೆಲ್ಲ ಊದುವುದನ್ನೇ ಚಿಕಿತ್ಸೆಯೆಂದು ನಂಬಿದ್ದು ನನಗೆ ಬಹಳ ಸೋಜಿಗವೆನಿಸಿತು.

ನನ್ನ ಪ್ರಶ್ನೆ ಎರಡು. ಇವುಗಳಲ್ಲಿ ಯಾವುದರಿಂದ ರೋಗಿಗೆ ನಿಜವಾಗಿ ಉಪಯೋಗವಾಯಿತು, ಯಾವುದು ಬರೀ ಹಾನಿ ಮಾಡಿತು? ಇಂದಿನ ಆಸ್ಪತ್ರೆಗಳಲ್ಲಿ ಇವುಗಳ ಪೈಕಿ ಏನಾದರೂ ಉಳಿದುಕೊಂಡಿದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ, ಮಕ್ಕಳ ಮುಂದೆ ತಪ್ಪು ಹೇಳಲು ನನಗೆ ಮನಸ್ಸಿಲ್ಲ.

ವೈದ್ಯಶಾಲೆ_ಉಡುಪಿ
ಮೇಷ್ಟ್ರೇ, ನೀವು ಓದಿದ್ದು ಪ್ರಧಮನ ನಸ್ಯ. ಚರಕಸಂಹಿತೆ ಇದನ್ನೇ ಧ್ಮಾಪನವೆಂದು ಕರೆದು ನಸ್ಯದ ಐದು ವಿಧಗಳಲ್ಲಿ ಒಂದಾಗಿ ಎಣಿಸುತ್ತದೆ. ಇದು ದಿನವೂ ಮೂಗಿಗೆ ಎರಡು ಹನಿ ಎಣ್ಣೆ ಬಿಡುವಂತಹ ಸೌಮ್ಯ ಕ್ರಮವಲ್ಲ. ಪ್ರಜ್ಞೆ ತಪ್ಪಿದವನು, ವಿಷವೇರಿದವನು, ಅಪಸ್ಮಾರದ ರೋಗಿ, ತಲೆಯಲ್ಲಿ ಕಫ ಕಟ್ಟಿಕೊಂಡವನು ಇಂಥವರಿಗಾಗಿ ಇಟ್ಟ ತೀಕ್ಷ್ಣ ಪ್ರಯೋಗವಿದು. ಶುಂಠಿ, ಮೆಣಸು, ಹಿಪ್ಪಲಿ, ಸೈಂಧವ ಲವಣ, ಬಜೆ ಮೊದಲಾದ ಕಟುದ್ರವ್ಯಗಳ ನುಣುಪಾದ ಚೂರ್ಣವನ್ನು ಬಳಸುತ್ತಿದ್ದರು. ಚೂರ್ಣರೂಪದಲ್ಲಿರುವುದರಿಂದಲೇ ಇದು ಹೆಚ್ಚಿನ ದೋಷವನ್ನು ಹೊರಕ್ಕೆಳೆಯುತ್ತದೆ ಎಂದು ವಾಗ್ಭಟ ಕಾರಣವನ್ನೂ ಕೊಡುತ್ತಾನೆ.

ಎಚ್ಚರಿಕೆಗಳೂ ಅದೇ ಅಧ್ಯಾಯದಲ್ಲಿವೆ. ಏಳು ವರ್ಷ ತುಂಬದ ಮಗುವಿಗೆ, ಎಂಬತ್ತು ದಾಟಿದ ವೃದ್ಧರಿಗೆ ನಸ್ಯ ಕೂಡದು. ಉಪನ್ಯಾಸದಲ್ಲಿ ಕೊಳವೆಯ ವಿಷಯ ಹೇಳುವಾಗ ಇದನ್ನೂ ಹೇಳಬೇಕೆಂದು ನನ್ನ ವಿನಂತಿ. ಇಲ್ಲವಾದರೆ ಯಾವುದಾದರೂ ಹುಡುಗ ಮನೆಯಲ್ಲಿ ತಮ್ಮನ ಮೂಗಿಗೆ ಮೆಣಸಿನ ಪುಡಿ ಊದಿಬಿಟ್ಟಾನು.

ಪ್ರಶ್ನಾರ್ಥಕ
ವಿವರ ಸರಿ, ಆದರೆ ಉಪಯೋಗವಾಯಿತೇ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ತಲೆಸುತ್ತಿ ಬಿದ್ದವನಿಗೆ ಮೆಣಸಿನ ಪುಡಿ ಊದಿದರೆ ಸೀನಿ ಏಳುತ್ತಾನೆ, ನಿಜ. ಊದದಿದ್ದರೂ ಎರಡು ನಿಮಿಷದಲ್ಲಿ ತಾನಾಗಿಯೇ ಏಳುತ್ತಿದ್ದ. ಅಪಸ್ಮಾರದ ಸೆಳವೂ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಾನೇ ನಿಲ್ಲುತ್ತದೆ. ತಾನೇ ಇಳಿಯುವ ತೊಂದರೆಗೆ ಏನು ಮಾಡಿದರೂ ಅದು ಮದ್ದೆನಿಸಿಕೊಳ್ಳುತ್ತದೆ.

ಕಿವಿಮೂಗುಗಂಟಲು_ಹುಬ್ಬಳ್ಳಿ
ಪ್ರಶ್ನಾರ್ಥಕ ಅವರ ಮಾತಿಗೆ ಒಂದು ಅಂಶ ಸೇರಿಸುತ್ತೇನೆ. ಪೂರ್ತಿ ಪ್ರಜ್ಞೆ ತಪ್ಪಿದವರಲ್ಲಿ ಕೆಮ್ಮಿ ಹೊರಹಾಕುವ ಶಕ್ತಿ ಕುಂದಿರುತ್ತದೆ. ಆಗ ಊದಿದ ಪುಡಿ ಮೂಗಿನ ಹಿಂಭಾಗದಿಂದ ಜಾರಿ ಶ್ವಾಸನಾಳಕ್ಕೆ ಇಳಿಯಬಹುದು, ಇಲ್ಲವೇ ಧ್ವನಿಪೆಟ್ಟಿಗೆ ಬಿಗಿದುಕೊಂಡು ಉಸಿರೇ ಕಟ್ಟಬಹುದು. ಆದ್ದರಿಂದ ಇಂದು ಯಾರೂ ಇದನ್ನು ಮನೆಯಲ್ಲಿ ಪ್ರಯತ್ನಿಸಬಾರದು.

ಆದರೆ ಪುಡಿ ಊದುವ ಕ್ರಮವನ್ನೇ ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಕ್ರಿಸ್ತಶಕ 2ನೇ ಶತಮಾನದ ಹೊತ್ತಿಗೇ ಗ್ರೀಕ್ ವೈದ್ಯ ಅರೆಟಿಯಸ್ ಗಂಟಲಿನ ಮಾರಕ ಹುಣ್ಣುಗಳಿಗೆ ಜೊಂಡಿನ ಕೊಳವೆಯಿಂದಲೋ ಹಕ್ಕಿಯ ಗರಿಯ ಬುಡದಿಂದಲೋ ಔಷಧದ ಪುಡಿಯನ್ನು ಊದಬೇಕೆಂದು ಬರೆದಿದ್ದ. ಅವನು ವರ್ಣಿಸಿದ ರೋಗ ಗಂಟಲಮಾರಿಯೇ (ಡಿಫ್ತೀರಿಯಾ) ಇರಬೇಕೆಂದು ಅನೇಕ ಇತಿಹಾಸಕಾರರು ಭಾವಿಸುತ್ತಾರೆ. 19ನೇ ಶತಮಾನದಲ್ಲಿಯೂ ಯುರೋಪಿನ ವೈದ್ಯರು ಗಂಟಲಮಾರಿಗೆ ಪಟಿಕಾರದ ಪುಡಿ ಊದುತ್ತಲೇ ಇದ್ದರು. ರೋಗಿ ಕೆಮ್ಮಿದರೆ ಊದುವವನ ಮುಖಕ್ಕೇ ಸೋಂಕು ರಾಚುತ್ತಿತ್ತು. ರಬ್ಬರಿನ ಬುರುಡೆಯನ್ನು ಒತ್ತಿ ಪುಡಿ ಹಾರಿಸುವ ಉಪಕರಣ ಬಂದ ಮೇಲೆ ವೈದ್ಯರು ಬಾಯಿಯಿಂದ ಊದುವ ಅಪಾಯ ತಪ್ಪಿತು. ರೋಗವನ್ನು ಮಣಿಸಿದ್ದು ಮಾತ್ರ ಪುಡಿಯಲ್ಲ, 1890ರ ದಶಕದಲ್ಲಿ ಬಂದ ಪ್ರತಿವಿಷ.

ಪುಡಿ ನಿಜವಾಗಿ ಕೆಲಸ ಮಾಡಿದ್ದು ಕಿವಿಯಲ್ಲಿ. ಸೋರುವ ಕಿವಿಯನ್ನು ಚೆನ್ನಾಗಿ ಒರೆಸಿ ಒಣಗಿಸಿ ಬೋರಿಕ್ ಆಮ್ಲದ ತೆಳುವಾದ ಪುಡಿಯನ್ನು ಊದುವ ಕ್ರಮವನ್ನು ಜರ್ಮನಿಯ ಬೆಜೋಲ್ಡ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಪ್ರಚಾರಕ್ಕೆ ತಂದರು. ಬೋರಿಕ್ ಪುಡಿಗೆ ಒಂದಿಷ್ಟು ಅಯೋಡಿನ್ ಬೆರೆಸಿ ಈಗಲೂ ನಾವು ಬಳಸುವುದುಂಟು. ಮಳೆಗಾಲದಲ್ಲಿ ಕಿವಿಯೊಳಗೆ ಬೂಸು ಹಿಡಿಸಿಕೊಂಡು ಬರುವವರಿಗೆ ಸೂಕ್ಷ್ಮದರ್ಶಕದ ಕೆಳಗೆ ಬೂಸನ್ನೆಲ್ಲ ತೆಗೆದು, ಗೋಡೆಗಳ ಮೇಲೆ ಬಿಳಿಯ ಧೂಳು ಕುಳಿತಂತೆ ಕಾಣುವಷ್ಟು ಮಾತ್ರ ಊದುತ್ತೇನೆ. ಒಂದು ಚಿಟಿಕೆ ಹೆಚ್ಚಾದರೂ ಅದು ಕೀವಿನೊಡನೆ ಕಲೆತು ಗಟ್ಟಿ ಬಿಲ್ಲೆಯಾಗಿ, ಅದರ ಹಿಂದೆ ಸೋಂಕು ಬೆಳೆಯುತ್ತದೆ. ಊದುವುದರಲ್ಲಿ ಪ್ರಮಾಣವೇ ಮುಖ್ಯವೆಂದು ನನ್ನ ಗುರುಗಳು ಪದೇ ಪದೇ ಹೇಳುತ್ತಿದ್ದರು.

ಹಳೆಯ_ಕಡತ
ಚೀನಾದ ವಿಷಯವನ್ನು ನಾನು ಬರೆಯುತ್ತೇನೆ, ಏಕೆಂದರೆ ಈ ಇಡೀ ಚರಿತ್ರೆಯಲ್ಲಿ ಅತಿ ಹೆಚ್ಚು ಜೀವ ಉಳಿಸಿದ ಊದುವಿಕೆ ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. 16ನೇ ಶತಮಾನದ ಹೊತ್ತಿಗೆ ಅಲ್ಲಿ ಸಿಡುಬನ್ನು ಬೇಕೆಂದೇ ಹಗುರವಾಗಿ ಹತ್ತಿಸುವ ಪದ್ಧತಿ ಇತ್ತು. ಸಿಡುಬು ಹಗುರವಾಗಿ ಬಂದು ವಾಸಿಯಾದವರ ಹಕ್ಕಳೆಗಳನ್ನು ಆರಿಸಿ, ಕೆಲಕಾಲ ಇಟ್ಟು, ನುಣ್ಣಗೆ ಅರೆದು, ಬೆಳ್ಳಿಯ ಸಣ್ಣ ಕೊಳವೆಯಿಂದ ಮೂಗಿಗೆ ಊದುತ್ತಿದ್ದರು. ಗಂಡುಮಗುವಿಗೆ ಒಂದು ಹೊಳ್ಳೆ, ಹೆಣ್ಣುಮಗುವಿಗೆ ಇನ್ನೊಂದು. ಹಕ್ಕಳೆಯನ್ನು ಇಟ್ಟು ಹಳತಾಗಿಸುವುದರಲ್ಲಿಯೇ ಗುಟ್ಟಿತ್ತು. ವೈರಾಣುಗಳಲ್ಲಿ ಬಹುಪಾಲು ಸತ್ತು, ಉಳಿದ ಸ್ವಲ್ಪದಿಂದ ಮಗುವಿಗೆ ಹಗುರವಾದ ಸಿಡುಬು ಬಂದು ಮುಂದಕ್ಕೆ ರಕ್ಷಣೆ ದೊರೆಯುತ್ತಿತ್ತು.

ಷುನ್‌ಜಿ ಚಕ್ರವರ್ತಿ 1661ರಲ್ಲಿ ಸಿಡುಬಿನಿಂದ ತೀರಿಕೊಂಡ. ಅವನ ಮಗ ಕಾಂಗ್‌ಶಿ ಚಿಕ್ಕಂದಿನಲ್ಲಿಯೇ ಸಿಡುಬಿನಿಂದ ಗುಣವಾಗಿದ್ದವನು. ಮುಂದೆ ಅವನು ತನ್ನ ಮಕ್ಕಳಿಗೂ ಸೈನಿಕರಿಗೂ ಈ ಪದ್ಧತಿಯನ್ನು ಮಾಡಿಸಿದ. 1742ರಲ್ಲಿ ಅರಮನೆಯ ಆಶ್ರಯದಲ್ಲಿ ಸಿದ್ಧವಾದ ವೈದ್ಯಗ್ರಂಥವು ನಾಲ್ಕು ವಿಧಾನಗಳನ್ನು ಹೇಳುತ್ತದೆ: ರೋಗಿಯ ಬಟ್ಟೆ ತೊಡಿಸುವುದು, ಕೀವು ಸವರಿದ ಹತ್ತಿಯನ್ನು ಮೂಗಿನಲ್ಲಿಡುವುದು, ಒಣ ಪುಡಿಯನ್ನು ಊದುವುದು, ನೀರಿನಲ್ಲಿ ಕಲಸಿದ ಪುಡಿಯನ್ನು ಹತ್ತಿಯಲ್ಲಿ ಅದ್ದಿ ಇಡುವುದು. ಇವುಗಳಲ್ಲಿ ನೀರಿನ ವಿಧಾನವೇ ಉತ್ತಮವೆಂದು ಅದು ತೀರ್ಪು ಕೊಡುತ್ತದೆ. ತಮ್ಮ ಪದ್ಧತಿಗಳನ್ನು ತಾವೇ ಒಂದಕ್ಕೊಂದು ಹೋಲಿಸಿ ನೋಡಿದ ಆ ವೈದ್ಯರ ಮೇಲೆ ನನಗೆ ಅಪಾರ ಗೌರವವಿದೆ.

ನೆಲದನುಡಿ
ನಮ್ಮ ದೇಶದಲ್ಲೂ ಹೀಗೆಯೇ ಸಿಡುಬಿನ ಪುಡಿಯನ್ನು ಮೂಗಿಗೆ ಊದುತ್ತಿದ್ದರು. ಪ್ರಧಮನದ ಕೊಳವೆಯೇ ಚೀನಾಕ್ಕೆ ಹೋಗಿರಬೇಕು.

ಹಳೆಯ_ಕಡತ
ನೆಲದನುಡಿ ಅವರೇ, ಇದನ್ನು ಹಾಗೆಯೇ ಬಿಡಲು ಬರುವುದಿಲ್ಲ. ಬಂಗಾಳದಲ್ಲಿ ಸಿಡುಬು ಹತ್ತಿಸುತ್ತಿದ್ದ ಟೀಕಾದಾರರ ಪದ್ಧತಿಯನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಹಾಲ್ವೆಲ್ 1767ರಲ್ಲಿ ವಿವರವಾಗಿ ವರ್ಣಿಸಿದ್ದಾನೆ. ಅವರು ತೋಳಿನ ಚರ್ಮವನ್ನು ಗೀರಿ, ಹಿಂದಿನ ವರ್ಷದ ಸಿಡುಬಿನ ರಸ ಹೀರಿದ ಹತ್ತಿಯನ್ನು ಅಲ್ಲಿ ಇಡುತ್ತಿದ್ದರು. ಅದು ಚರ್ಮದ ದಾರಿ, ಚೀನಾದ್ದು ಮೂಗಿನ ದಾರಿ. ಎರಡೂ ಬೇರೆ ಬೇರೆ, ಎರಡಕ್ಕೂ ಅದರದರ ಹಿರಿಮೆ ಇದೆ.

ಇಂಗ್ಲೆಂಡಿನಲ್ಲಿ ಎರಡನ್ನೂ ಹೋಲಿಸುವ ಅವಕಾಶ ಬಂದಿತ್ತು. ಚೀನಾದ ಪದ್ಧತಿಯ ಸುದ್ದಿ ಈಸ್ಟ್ ಇಂಡಿಯಾ ಕಂಪನಿಯ ವರ್ತಕರ ಮೂಲಕ 1700ರಲ್ಲಿಯೇ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ತಲಪಿತ್ತು. 1721ರಲ್ಲಿ ನ್ಯೂಗೇಟ್ ಸೆರೆಮನೆಯ ಆರು ಕೈದಿಗಳ ಚರ್ಮದ ಮೂಲಕ ಸಿಡುಬು ಹತ್ತಿಸಿ ಪರೀಕ್ಷಿಸಿದಾಗ, ರಿಚರ್ಡ್ ಮೀಡ್ ಎಂಬ ವೈದ್ಯ ಮರಣದಂಡನೆಗೆ ಗುರಿಯಾಗಿದ್ದ ಹದಿನೆಂಟರ ತರುಣಿಯೊಬ್ಬಳ ಮೂಗಿನಲ್ಲಿ ಸಿಡುಬಿನ ರಸದ ಹತ್ತಿಯನ್ನಿಟ್ಟ. ಅವಳಿಗೆ ಉಳಿದವರಿಗಿಂತ ಹೆಚ್ಚು ಜ್ವರವೂ ಸಹಿಸಲಾಗದ ತಲೆನೋವೂ ಬಂದು, ಕೊನೆಗೆ ಬದುಕಿಕೊಂಡಳು. ಅನಂತರ ಯುರೋಪು ಚರ್ಮದ ದಾರಿಯನ್ನೇ ಹಿಡಿಯಿತು.

ಪ್ರಶ್ನಾರ್ಥಕ
ಅತಿ ಹೆಚ್ಚು ಜೀವ ಉಳಿಸಿತು ಎಂಬ ಮಾತಿಗೆ ನನ್ನ ಆಕ್ಷೇಪವಿದೆ. ಹಾಗೆ ಹತ್ತಿಸಿಕೊಂಡವರಲ್ಲಿ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು, ಸುತ್ತಲಿನವರಿಗೂ ರೋಗ ಹರಡುತ್ತಿತ್ತು. ಗಟ್ಟಿಮುಟ್ಟಾದ ಮಗುವಿಗೆ ನಾವೇ ರೋಗ ಕೊಟ್ಟು ಅದು ಸತ್ತರೆ ಯಾರು ಹೊಣೆ?

ಹಳೆಯ_ಕಡತ
ತಾನಾಗಿ ಬಂದ ಸಿಡುಬಿನಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಜನ ಸಾಯುತ್ತಿದ್ದರು. ಅದು ಇಂದೋ ನಾಳೆಯೋ ಹೆಚ್ಚುಕಡಿಮೆ ಪ್ರತಿ ಮನೆಗೂ ಬರುತ್ತಿತ್ತು. ಹಸುವಿನ ಸಿಡುಬಿನ ಲಸಿಕೆ ಬಂದದ್ದು 1796ರಲ್ಲಿ. ಅದಕ್ಕೆ ಮುಂಚಿನ ತಾಯಿಯೊಬ್ಬಳ ಮುಂದೆ ಇದ್ದದ್ದು ಈ ಎರಡೇ ದಾರಿ. ನಾನಾಗಿದ್ದರೂ ಕೊಳವೆಯನ್ನೇ ಆರಿಸುತ್ತಿದ್ದೆ.

ಮುಂಗಾರು_ಮಂಡ್ಯ
ತಂಬಾಕಿನ ಹೊಗೆಯ ಕತೆ ಯಾರೂ ಮುಟ್ಟಲಿಲ್ಲ. ಅದು ನಿಜವೇ, ಇಲ್ಲ ಯಾರೋ ಕಟ್ಟಿದ್ದೇ?

ಹಳೆಯ_ಕಡತ
ಅಕ್ಷರಶಃ ನಿಜ. ಕಾಲುವೆಗಳ ಊರಾದ ಆಮ್‌ಸ್ಟರ್‌ಡ್ಯಾಮಿನಲ್ಲಿ 1767ರಲ್ಲಿ, ಲಂಡನ್ನಿನಲ್ಲಿ 1774ರಲ್ಲಿ ಮುಳುಗಿದವರನ್ನು ಬದುಕಿಸುವ ಸಂಘಗಳು ಹುಟ್ಟಿದವು. ಲಂಡನ್ನಿನ ಸಂಘವನ್ನು ವಿಲಿಯಂ ಹಾಸ್ ಮತ್ತು ಥಾಮಸ್ ಕೋಗನ್ ಎಂಬ ವೈದ್ಯರು ಕಟ್ಟಿದರು. ಥೇಮ್ಸ್ ನದಿಯ ದಂಡೆಯಲ್ಲಿ ತಿದಿ, ಕೊಳವೆಗಳಿದ್ದ ಪೆಟ್ಟಿಗೆಗಳನ್ನು ಇರಿಸಲಾಗಿತ್ತು. ಹೊಗೆಯ ಬಿಸಿ ದೇಹವನ್ನು ಬೆಚ್ಚಗಾಗಿಸುತ್ತದೆ, ತಂಬಾಕು ಜೀವಶಕ್ತಿಯನ್ನು ಕೆರಳಿಸುತ್ತದೆ ಎಂಬುದು ಅಂದಿನ ತರ್ಕ. 1811ರಲ್ಲಿ ಬೆಂಜಮಿನ್ ಬ್ರಾಡಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ತಂಬಾಕಿನ ಸತ್ವ ಹೃದಯವನ್ನೇ ನಿಲ್ಲಿಸಬಲ್ಲದೆಂದು ತೋರಿಸಿದ ಮೇಲೆ ಆ ಪದ್ಧತಿ ಮೂಲೆ ಸೇರಿತು.

ನನಗೆ ನಿಜಕ್ಕೂ ವ್ಯಥೆಯಾಗುವುದು ಬೇರೆ ಕಾರಣಕ್ಕೆ. ಸರಿಯಾದ ದಾರಿ ಅವರ ಕಣ್ಣೆದುರಿಗೇ ಇತ್ತು. 1732ರಲ್ಲಿ ಸ್ಕಾಟ್ಲೆಂಡಿನ ಅಲೋವಾ ಎಂಬಲ್ಲಿ, ಬೆಂಕಿ ಬಿದ್ದ ಕಲ್ಲಿದ್ದಲಿನ ಗಣಿಯಿಂದ ಜೇಮ್ಸ್ ಬ್ಲೇರ್ ಎಂಬ ಕಾರ್ಮಿಕನನ್ನು ಉಸಿರಿಲ್ಲದ ಸ್ಥಿತಿಯಲ್ಲಿ ಹೊರತಂದರು. ವಿಲಿಯಂ ಟಾಸಕ್ ಎಂಬ ವೈದ್ಯ ಅವನ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಬಲವಾಗಿ ಊದಿದ, ಕೂಡಲೇ ಎದೆಬಡಿತ ಕೈಗೆ ಸಿಕ್ಕಿತು. ನಾಲ್ಕು ದಿನಗಳಲ್ಲಿ ಆ ಮನುಷ್ಯ ಕೆಲಸಕ್ಕೆ ಮರಳಿದ. ಟಾಸಕ್ ಇದನ್ನು 1744ರಲ್ಲಿ ಪ್ರಕಟಿಸಿದ. ಮರುವರ್ಷವೇ ಜಾನ್ ಫಾದರ್‌ಗಿಲ್ ಎಂಬ ವೈದ್ಯ ರಾಯಲ್ ಸೊಸೈಟಿಯ ಮುಂದೆ ಇದನ್ನು ಎತ್ತಿಹಿಡಿದು, ತಿದಿಗಿಂತ ಬಾಯಿಯೇ ಮೇಲೆಂದು ವಾದಿಸಿದ. ಒಬ್ಬ ಮನುಷ್ಯನ ಶ್ವಾಸಕೋಶ ಎಷ್ಟು ಬಲದಿಂದ ಊದಬಲ್ಲದೋ ಅಷ್ಟನ್ನು ಇನ್ನೊಬ್ಬನ ಶ್ವಾಸಕೋಶ ಹಾನಿಯಿಲ್ಲದೆ ತಾಳಬಲ್ಲದು, ತಿದಿಯ ಬಲಕ್ಕೆ ಅಂಥ ಮಿತಿಯಿಲ್ಲ ಎಂಬುದು ಅವನ ವಾದದ ತಿರುಳು.

ಅವನ ಮಾತನ್ನು ಯಾರೂ ಬಹುಕಾಲ ಪಾಲಿಸಲಿಲ್ಲ. ಅಪರಿಚಿತರ ಬಾಯಿಗೆ ಬಾಯಿಡುವುದು ಅಸಹ್ಯವೆಂದು ತಿದಿಯನ್ನೇ ಹಿಡಿದರು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಲೆರಾಯ್ ದೆತಿಯೋಲ್, ತಿದಿಯಿಂದ ರಭಸವಾಗಿ ಗಾಳಿ ನುಗ್ಗಿಸಿದರೆ ಶ್ವಾಸಕೋಶ ಹರಿದು ಪ್ರಾಣಿಗಳು ಸಾಯುತ್ತವೆಂದು ತೋರಿಸಿದ. ಆಗ ತಿದಿಯ ಜೊತೆಗೆ ಊದುವುದೇ ಮೂಲೆಗೆ ಸರಿದು, ಕೈಯೆತ್ತಿಸಿ ಬೆನ್ನೊತ್ತುವ ವಿಧಾನಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿದವು. ಬಾಯಿಯಿಂದ ಊದುವುದೇ ಉತ್ತಮವೆಂದು ಎಲಮ್ ಮತ್ತು ಸಫಾರ್ ಎಂಬ ವೈದ್ಯರು ಅಳತೆಯ ಸಮೇತ ಸಾಬೀತು ಮಾಡಿದ್ದು 1950ರ ದಶಕದಲ್ಲಿ.

ವೈದ್ಯಶಾಲೆ_ಉಡುಪಿ
ಫಾದರ್‌ಗಿಲ್ ಹೇಳಿದ ತರ್ಕವನ್ನು ಓದಿ ಬಹಳ ಸಂತೋಷವಾಯಿತು. ವಾಗ್ಭಟನು ತಿದಿಯನ್ನು ಹೇಳದೆ ಬಾಯಿಯ ಗಾಳಿಯನ್ನೇ ಹೇಳಿದ್ದು ಇದಕ್ಕೇ ಇರಬಹುದು.

ಪ್ರಶ್ನಾರ್ಥಕ
ಇರಬಹುದು ಎನ್ನುವುದು ನಿಮ್ಮ ಊಹೆ, ವಾಗ್ಭಟ ಹಾಗೆ ಬರೆದಿಲ್ಲ. ಬಾಯಿ ಎಲ್ಲರಿಗೂ ಇರುವ ಸಾಧನ, ಅದನ್ನು ಬಳಸಿದರು ಎನ್ನುವುದಷ್ಟೇ ಸಾಕು.

ನಿವೃತ್ತ_ದಾದಿ
ನಾನು ನಲವತ್ತು ವರ್ಷ ಆಸ್ಪತ್ರೆಯ ಕೆಲಸ ಮಾಡಿದವಳು. ನೀವೆಲ್ಲ ದೂರದ ದೇಶಗಳ ಮಾತಾಡುತ್ತಿದ್ದೀರಿ, ನಮ್ಮ ಊರುಗಳಲ್ಲಿಯೇ ಗಾಳಿಯಿಂದ ಕ್ಷಯಕ್ಕೆ ಚಿಕಿತ್ಸೆ ನಡೆದದ್ದನ್ನು ಯಾರೂ ಹೇಳಲಿಲ್ಲ. ನನ್ನ ತಂದೆಗೆ 1950ರ ಹೊತ್ತಿಗೆ ಎಡ ಶ್ವಾಸಕೋಶದಲ್ಲಿ ಕ್ಷಯವಿತ್ತು. ಸ್ಯಾನಿಟೋರಿಯಮ್ಮಿನಿಂದ, ಎಂದರೆ ಕ್ಷಯರೋಗಿಗಳ ಆಸ್ಪತ್ರೆಯಿಂದ, ಮನೆಗೆ ಬಂದ ಮೇಲೂ ಎರಡು ವಾರಕ್ಕೊಮ್ಮೆ "ಗಾಳಿ ಹಾಕಿಸಿಕೊಂಡು ಬರುತ್ತೇನೆ" ಎಂದು ಹೇಳಿ ರೈಲು ಹತ್ತುತ್ತಿದ್ದರು. ಸೈಕಲ್ಲಿಗೆ ಗಾಳಿ ಹಾಕಿಸಲು ಇಷ್ಟು ದೂರ ಏಕೆ ಹೋಗುತ್ತಾರೆಂದು ಚಿಕ್ಕವರಾದ ನಮಗೆ ಅರ್ಥವಾಗುತ್ತಿರಲಿಲ್ಲ.

ದಾದಿಯ ತರಬೇತಿಗೆ ಸೇರಿದ ಮೇಲೆ ಆ ಉಪಕರಣವನ್ನು ಹತ್ತಿರದಿಂದ ನೋಡಿದೆ. ಮರದ ಪೆಟ್ಟಿಗೆಯಲ್ಲಿ ಗೆರೆ ಹಾಕಿದ ಎರಡು ಗಾಜಿನ ಸೀಸೆಗಳು, ನಡುವೆ ರಬ್ಬರ್ ನಳಿಕೆ. ಒಂದು ಸೀಸೆಯ ನೀರು ಇನ್ನೊಂದಕ್ಕೆ ಇಳಿದಂತೆ ಅಲ್ಲಿದ್ದ ಗಾಳಿ ಸೂಜಿಯತ್ತ ಹೋಗುತ್ತದೆ. ಪಕ್ಕದಲ್ಲಿ ಬಣ್ಣದ ನೀರು ತುಂಬಿದ ಬಾಗಿದ ಗಾಜಿನ ನಳಿಕೆ. ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಕಂಕುಳ ಕೆಳಗೆ ಪಕ್ಕೆಲುಬುಗಳ ನಡುವೆ ಮರಗಟ್ಟಿಸುವ ಮದ್ದು ಕೊಟ್ಟು, ಸೂಜಿಯನ್ನು ಶ್ವಾಸಕೋಶದ ಎರಡು ಪೊರೆಗಳ ನಡುವೆ ತಲಪಿಸುತ್ತಿದ್ದರು. ಉಸಿರಿಗೆ ತಕ್ಕಂತೆ ಬಣ್ಣದ ನೀರು ಏರಿಳಿದರೆ ಮಾತ್ರ ಸೂಜಿ ಸರಿಯಾದ ಜಾಗದಲ್ಲಿದೆ ಎಂದರ್ಥ. ನೀರು ಅಲುಗಾಡದಿದ್ದರೆ ಒಂದು ತೊಟ್ಟು ಗಾಳಿಯನ್ನೂ ಬಿಡಕೂಡದು, ಅದು ರಕ್ತನಾಳಕ್ಕೆ ಹೋದರೆ ರೋಗಿ ಮೇಜಿನ ಮೇಲೆಯೇ ಹೋಗಿಬಿಡುತ್ತಾನೆ ಎಂದು ನಮ್ಮ ಹಿರಿಯ ಸಿಸ್ಟರ್ ಗದರಿಸಿ ಹೇಳುತ್ತಿದ್ದರು. ಸರಿ ಇದ್ದರೆ ಮುನ್ನೂರು, ನಾನೂರು ಮಿಲಿಲೀಟರ್ ಗಾಳಿ ಬಿಡುತ್ತಿದ್ದರು. ಶ್ವಾಸಕೋಶ ಕುಗ್ಗಿ ಕೂರುತ್ತಿತ್ತು. ಗಾಳಿಯನ್ನು ದೇಹ ಹೀರಿಕೊಳ್ಳುವುದರಿಂದ ಮತ್ತೆ ಮತ್ತೆ ತುಂಬಬೇಕಾಗುತ್ತಿತ್ತು, ಹೀಗೆ ವರ್ಷಗಟ್ಟಲೆ.

ನನ್ನ ತಂದೆ ಎಂಬತ್ತೊಂದು ವರ್ಷ ಬದುಕಿದರು. ಆದ್ದರಿಂದ ಇದನ್ನು ಹಾನಿಯೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಎದೆರೋಗ_ತಜ್ಞೆ
ಅಮ್ಮಾ, ನಿಮ್ಮ ವರ್ಣನೆಯನ್ನು ನನ್ನ ವಿದ್ಯಾರ್ಥಿಗಳಿಗೆ ಓದಿಹೇಳುತ್ತೇನೆ, ಪಠ್ಯಪುಸ್ತಕದಲ್ಲಿ ಇಷ್ಟು ಸ್ಪಷ್ಟವಾಗಿಲ್ಲ. ಇಟಲಿಯ ಕಾರ್ಲೊ ಫೋರ್ಲಾನಿನಿ 1882ರಲ್ಲಿ ಈ ವಿಚಾರವನ್ನು ಮುಂದಿಟ್ಟು, 1888ರಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಪ್ರಯೋಗಿಸಿದರು. ರೋಗ ತಿಂದು ಮಾಡಿದ ಪೊಳ್ಳನ್ನು ಮುಚ್ಚಿಸಿ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡುವುದು ಉದ್ದೇಶ. ನಮ್ಮ ಗಡಿಯಾಚೆ ಮದನಪಲ್ಲಿಯ ಬಳಿಯ ಆರೋಗ್ಯವರಂ 1915ರಿಂದ ಇದ್ದ ಪ್ರಸಿದ್ಧ ಸ್ಯಾನಿಟೋರಿಯಂ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ ಇದೆ. ಅರಮನೆಯಲ್ಲಿಯೇ ಕ್ಷಯ ಜೀವಗಳನ್ನು ಬಲಿ ಪಡೆದ ನೋವಿನಿಂದ ಅದು ಹುಟ್ಟಿತು.

ನಿಮ್ಮ ತಂದೆಯವರಂತೆ ಗುಣವಾದವರು ಅನೇಕರಿದ್ದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಾಳಿ ತುಂಬಿದ ಜಾಗದಲ್ಲಿ ನೀರು, ಕೆಲವೊಮ್ಮೆ ಕೀವು ತುಂಬಿ ನರಳಿದವರೂ ಅನೇಕರು. ಔಷಧಗಳು ಬಂದ ಮೇಲೆ ಲೆಕ್ಕವೇ ಬದಲಾಯಿತು. ಮದರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಅಧ್ಯಯನ, ಮನೆಯಲ್ಲಿದ್ದುಕೊಂಡೇ ಒಂದು ವರ್ಷ ಮಾತ್ರೆ ನುಂಗಿದ ಬಡ ರೋಗಿಗಳು ಸ್ಯಾನಿಟೋರಿಯಮ್ಮಿನ ರೋಗಿಗಳಷ್ಟೇ ಚೆನ್ನಾಗಿ ಗುಣವಾದರೆಂದು ತೋರಿಸಿತು. ಅಲ್ಲಿಗೆ ಸೂಜಿ, ಸೀಸೆಗಳ ಕಾಲ ಮುಗಿಯಿತು.

ಈ ಚರ್ಚೆಗೆ ಹೊಂದುವ ಮತ್ತೊಬ್ಬರಿದ್ದಾರೆ. ಕೆನಡಾದ ನಾರ್ಮನ್ ಬೆಥೂನ್ 1927ರಲ್ಲಿ ಸ್ವತಃ ಕ್ಷಯರೋಗಿಯಾಗಿದ್ದಾಗ ಹಟ ಹಿಡಿದು ತಮ್ಮ ಎದೆಗೆ ಇದೇ ಗಾಳಿಯನ್ನು ಹಾಕಿಸಿಕೊಂಡು ಗುಣವಾದರು. ಮುಂದೆ ಎದೆಯ ಶಸ್ತ್ರವೈದ್ಯರಾಗಿ, ಶ್ವಾಸಕೋಶದ ಪೊರೆಗಳ ನಡುವೆ ಟಾಲ್ಕ್ ಪುಡಿಯನ್ನು ಊದಿ ಎರಡನ್ನೂ ಅಂಟಿಸುವ ವಿಧಾನವನ್ನು 1935ರಲ್ಲಿ ಪ್ರಕಟಿಸಿದರು. ಮೇಷ್ಟ್ರೇ, ನಿಮ್ಮ ಎರಡನೆಯ ಪ್ರಶ್ನೆಗೆ ಇದೇ ಉತ್ತರ. ಕ್ಯಾನ್ಸರಿನಿಂದ ಎದೆಯಲ್ಲಿ ಪದೇ ಪದೇ ನೀರು ತುಂಬುವ ರೋಗಿಗಳಿಗೆ ನಾವು ಇಂದಿಗೂ ಟಾಲ್ಕ್ ಊದುತ್ತೇವೆ. ಕಣ ತೀರ ಸಣ್ಣದಾದರೆ ರಕ್ತಕ್ಕೆ ಸೇರಿ ಇನ್ನೊಂದು ಶ್ವಾಸಕೋಶವನ್ನೂ ಕೆಡಿಸುತ್ತದೆ. ಆದ್ದರಿಂದ ಸಣ್ಣ ಕಣಗಳನ್ನು ತೆಗೆದುಹಾಕಿ, ಸೋಂಕಿಲ್ಲದಂತೆ ಸಿದ್ಧಪಡಿಸಿದ ಪುಡಿಯನ್ನೇ ಬಳಸಬೇಕು.

ಕೋಲಾರ_ಟು_ಒಂಟಾರಿಯೊ
ನನ್ನ ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್‌ನಿಂದ ತೀರಿಕೊಂಡವರು. ಈಗ ನಾನಿರುವ ಒಂಟಾರಿಯೊದಲ್ಲಿಯೂ ಚಿನ್ನದ ಗಣಿಗಳಿವೆ. ಇಲ್ಲಿ ನಡೆದದ್ದನ್ನು ಮೇಷ್ಟ್ರು ಮಕ್ಕಳಿಗೆ ತಪ್ಪದೆ ಹೇಳಬೇಕು. ಸಿಲಿಕೋಸಿಸ್ ತಡೆಯುತ್ತದೆ ಎಂಬ ನಂಬಿಕೆಯಿಂದ ಮೆಕಿಂಟೈರ್ ಪುಡಿ ಎಂಬ ಅಲ್ಯೂಮಿನಿಯಂ ಧೂಳನ್ನು 1943ರಿಂದ 1979ರವರೆಗೆ ಗಣಿಕಾರ್ಮಿಕರಿಗೆ ಉಸಿರಾಡಿಸಿದರು. ಪಾಳಿಗೆ ಮುಂಚೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಮುಚ್ಚಿ ಗಾಳಿಗೆ ಆ ಕಪ್ಪು ಪುಡಿಯನ್ನು ಹಾರಿಸುತ್ತಿದ್ದರು. ಒಲ್ಲೆ ಎಂದರೆ ಕೆಲಸವಿಲ್ಲ. ಧೂಳು ಕಡಿಮೆ ಮಾಡಲು ಹಣ ಖರ್ಚು ಮಾಡುವ ಬದಲು ಧೂಳಿನ ಮೇಲೆ ಧೂಳು ಊದಿದರು. ಹಾಗೆ ಉಸಿರಾಡಿದವರಲ್ಲಿ ಪಾರ್ಕಿನ್ಸನ್ ಕಾಯಿಲೆ ಹೆಚ್ಚೆಂದು 2020ರಲ್ಲಿ ಇಲ್ಲಿನ ಅಧ್ಯಯನ ಹೇಳಿತು, 2022ರಲ್ಲಿ ಸರ್ಕಾರ ಕ್ಷಮೆ ಕೇಳಿತು. ಕಾರ್ಮಿಕನೊಬ್ಬನ ಮಗಳು ವರ್ಷಗಟ್ಟಲೆ ಹೋರಾಡಿದ್ದರಿಂದಲೇ ಇದು ಹೊರಬಂತು.

ಪ್ರಶ್ನಾರ್ಥಕ
ಓದಿ ರಕ್ತ ಕುದಿಯಿತು. ಇದು ಪ್ರಾಚೀನರ ಅಜ್ಞಾನವಲ್ಲ, ನಮ್ಮ ಕಾಲದ್ದು, ವೈದ್ಯರ ಒಪ್ಪಿಗೆಯಿಂದಲೇ ನಡೆದದ್ದು. ಬಹುತೇಕ ಎಲ್ಲ ಉದಾಹರಣೆಗಳಲ್ಲೂ ಊದುವವನು ಒಬ್ಬ, ಊದಿಸಿಕೊಳ್ಳುವವನು ಇನ್ನೊಬ್ಬ ಎಂಬುದನ್ನು ಗಮನಿಸಿ. ಅವನನ್ನು ಕೇಳಿದರೇ ಎಂಬುದನ್ನೂ ಮಕ್ಕಳು ಕೇಳಲಿ.

ವೈದ್ಯಶಾಲೆ_ಉಡುಪಿ
ಆ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಮೇಲೆ ನೀವು ಪ್ರಧಮನವನ್ನು ನಿರುಪಯುಕ್ತವೆಂದಿರಲ್ಲ, ಅದಕ್ಕೊಂದು ಉತ್ತರ. ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ತೀರ ಇಳಿದು ಪ್ರಜ್ಞೆ ತಪ್ಪಿದಾಗ ಗ್ಲುಕಗಾನ್ ಪುಡಿಯನ್ನು ಮೂಗಿನ ಹೊಳ್ಳೆಗೆ ಹಾರಿಸುವ ಉಪಕರಣಕ್ಕೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತು. ಪ್ರಜ್ಞೆಯಿಲ್ಲದವನ ಮೂಗಿಗೆ ಚೂರ್ಣ. ಇದೇ ಅಲ್ಲವೇ ನಮ್ಮ ಗ್ರಂಥದಲ್ಲಿದ್ದದ್ದು?

ಎದೆರೋಗ_ತಜ್ಞೆ
ದಾರಿ ಒಂದೇ, ಕೆಲಸ ಬೇರೆ ಡಾಕ್ಟರೇ. ಶುಂಠಿ, ಮೆಣಸು, ಹಿಪ್ಪಲಿ ಸೇರಿದ ತ್ರಿಕಟುವಿನ ಚೂರ್ಣ ಮೂಗನ್ನು ಕೆರಳಿಸಿ ಸೀನು ತರಿಸುತ್ತದೆ. ಗ್ಲುಕಗಾನ್ ಮೂಗಿನ ಒಳಪದರದಿಂದ ರಕ್ತಕ್ಕೆ ಸೇರಿ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಿಡಿಸುತ್ತದೆ. ಅದಕ್ಕೆ ರೋಗಿ ಉಸಿರೆಳೆದುಕೊಳ್ಳುವುದೂ ಬೇಕಿಲ್ಲ, ಪ್ರಮಾಣ ಕರಾರುವಾಕ್ಕಾಗಿ 3 ಮಿಲಿಗ್ರಾಂ. ಆದರೂ ಮೂಗು ಪ್ರಜ್ಞೆಯಿಲ್ಲದವರಿಗೂ ತೆರೆದಿರುವ ದಾರಿ ಎಂಬುದನ್ನು ಹಿರಿಯರು ಕಂಡುಕೊಂಡಿದ್ದರು, ಆ ಗೌರವವನ್ನು ಯಾರೂ ಕಸಿದುಕೊಳ್ಳಲಾರರು.

ಪ್ರಶ್ನಾರ್ಥಕ ಅವರು ಎತ್ತಿದ ಊದುವವನು, ಊದಿಸಿಕೊಳ್ಳುವವನು ಎಂಬ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಉಬ್ಬಸದ ಚಿಕಿತ್ಸೆಯಲ್ಲಿ ಆ ಸಂಬಂಧವೇ ತಿರುಗಿತು. ಅಲೆಪ್ಪೊದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ದುಡಿದ ರೋಜರ್ ಆಲ್ಟೂನ್ಯನ್ ಎಂಬ ವೈದ್ಯ ಸ್ವತಃ ಉಬ್ಬಸದ ರೋಗಿ. ತನಗೆ ಆಗದ ಗಿನಿಯಿಲಿಯ ಕೂದಲ ಧೂಳಿನ ಸಾರವನ್ನು ತಾನೇ ಉಸಿರಾಡಿ, ಉಬ್ಬಸ ಬರಿಸಿಕೊಂಡು, ಯಾವ ಔಷಧ ತಡೆಯುತ್ತದೆಂದು ವರ್ಷಗಟ್ಟಲೆ ತನ್ನ ಮೇಲೆಯೇ ಪರೀಕ್ಷಿಸಿಕೊಂಡ. ಯುದ್ಧಕಾಲದಲ್ಲಿ ವಿಮಾನ ಹಾರಿಸಿದ್ದ ಅವನು ಪುಟ್ಟ ತಿರುಗುರೆಕ್ಕೆಯ ಉಪಕರಣವನ್ನು ರೂಪಿಸಿದ. ರೋಗಿ ಉಸಿರೆಳೆದರೆ ರೆಕ್ಕೆ ತಿರುಗಿ ಗುಳಿಗೆಯೊಳಗಿನ ಪುಡಿ ಹಾರುತ್ತದೆ. ಊದುವವನೇ ಬೇಕಿಲ್ಲ. ನಮ್ಮಲ್ಲಿ ಇಂದು ಸಾವಿರಾರು ಜನ ಬಳಸುವ ರೋಟಾಹೇಲರ್ ಅದೇ ಜಾತಿಯದು. ಪುಡಿಯ ಕಣ ಒಂದರಿಂದ ಐದು ಮೈಕ್ರಾನಿನಷ್ಟಿದ್ದರೆ ಮಾತ್ರ ಶ್ವಾಸಕೋಶದ ಆಳಕ್ಕೆ ತಲಪುತ್ತದೆ. ದಪ್ಪವಾದರೆ ಗಂಟಲಿನಲ್ಲಿಯೇ ಕೂರುತ್ತದೆ, ಆದ್ದರಿಂದ ಸ್ಟಿರಾಯ್ಡ್ ಪುಡಿ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ನನ್ನ ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಇದನ್ನು ಮರೆಯುತ್ತಾರೆ.

ಹೊಸತಾಯಿ
ವಿಷಯ ಇದೇ ಆಗಿರುವುದರಿಂದ ಕೇಳುತ್ತೇನೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿ ಸ್ನಾನದ ಕೊನೆಯಲ್ಲಿ ಮಗುವಿನ ಮೂಗಿಗೂ ಕಿವಿಗೂ ಬಾಯಿಯಿಂದ ಊದುತ್ತಾರೆ. ನೀರು ಹೋಗಲೆಂದು ಹಾಗೆ ಮಾಡುತ್ತಾರಂತೆ. ಬೇಡವೆಂದರೆ "ನಿಮ್ಮನ್ನೆಲ್ಲ ಹೀಗೇ ಸಾಕಿದ್ದು" ಎನ್ನುತ್ತಾರೆ. ಊದಬಹುದೇ?

ಎಳೆಮಕ್ಕಳ_ವೈದ್ಯ
ಬೇಡ ತಾಯಿ. ಬಾಯಿಯ ಎಂಜಲಿನ ಸೋಂಕು ಮೂಗಿನಿಂದ ಮಗುವಿನ ನಡುಗಿವಿಗೆ ಸುಲಭವಾಗಿ ಹೋಗುತ್ತದೆ, ಶಿಶುಗಳಲ್ಲಿ ಆ ನಾಳ ಮೋಟಾಗಿಯೂ ಅಡ್ಡವಾಗಿಯೂ ಇರುತ್ತದೆ. ಅಜ್ಜಿಯ ಮನಸ್ಸು ನೋಯಿಸದೆ, ಮೆತ್ತನೆಯ ಬಟ್ಟೆಯಿಂದ ಕಿವಿಯ ಹೊರಭಾಗ ಒರೆಸಿದರೆ ಸಾಕೆಂದು ಡಾಕ್ಟರು ಹೇಳಿದರೆಂದು ಹೇಳಿ. ಸಾಂಬ್ರಾಣಿ ಹೊಗೆಯನ್ನೂ ಮಗುವಿನ ಮುಖದಿಂದ ದೂರವಿಡಿ.

ಇದೇ ನೆಪದಲ್ಲಿ ಮೇಷ್ಟ್ರಿಗೆ ನಮ್ಮ ವಿಭಾಗದ ಉದಾಹರಣೆಯನ್ನೂ ಕೊಡುತ್ತೇನೆ. ಹಾಲುಗೂಸುಗಳಲ್ಲಿ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ತೂರಿಕೊಳ್ಳುವ ತೊಂದರೆಯಿದೆ. ಮಗು ಬಿಟ್ಟು ಬಿಟ್ಟು ಚೀರುತ್ತದೆ, ಮಲದಲ್ಲಿ ರಕ್ತ ಬೀಳುತ್ತದೆ. ಗ್ರೀಕರ ಹಿಪೊಕ್ರೆಟಿಸ್ ಪರಂಪರೆಯ ಗ್ರಂಥಗಳಲ್ಲಿ ಕರುಳು ಕಟ್ಟಿದಾಗ ತಿದಿಯಿಂದ ಗುದದ್ವಾರಕ್ಕೆ ಗಾಳಿ ತುಂಬಬೇಕೆಂದು ಹೇಳಿದೆ. ಇಂದು ನಾವು ಮಾಡುವುದೂ ಅದನ್ನೇ, ಆದರೆ ಎಕ್ಸ್-ರೇ ಅಥವಾ ಅಲ್ಟ್ರಾಸೌಂಡ್ ತೆರೆಯ ಮೇಲೆ ಕಣ್ಣಿಟ್ಟು, ಒತ್ತಡ 120 ಮಿಲಿಮೀಟರ್ ಪಾದರಸ ದಾಟದಂತೆ. ಹೆಚ್ಚಿನ ಮಕ್ಕಳಲ್ಲಿ ಕರುಳು ಶಸ್ತ್ರಚಿಕಿತ್ಸೆಯಿಲ್ಲದೆ ಹಿಂದಕ್ಕೆ ಸರಿಯುತ್ತದೆ. ಕರುಳು ತೂತಾಗುವ ಸಾಧ್ಯತೆ ಇದ್ದೇ ಇರುವುದರಿಂದ ಶಸ್ತ್ರವೈದ್ಯರು ಪಕ್ಕದಲ್ಲಿಯೇ ಸಿದ್ಧರಿರಬೇಕು.

ಶರಾವತಿ_ತೀರ
ಇಷ್ಟೊಂದು ಬರುತ್ತದೆಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಉಪನ್ಯಾಸವನ್ನು ಹಕ್ಕಳೆಯ ಪುಡಿ, ತಿದಿ, ಗಾಜಿನ ಸೀಸೆ, ಮೆಕಿಂಟೈರ್ ಪುಡಿ ಎಂಬ ನಾಲ್ಕು ಕತೆಗಳಾಗಿ ಹೇಳುತ್ತೇನೆ. ಒತ್ತಡ ಎಷ್ಟು, ಕಣ ಎಷ್ಟು ಸಣ್ಣದು, ಊದಿಸಿಕೊಳ್ಳುವವನನ್ನು ಕೇಳಿದರೇ ಎಂಬ ಪ್ರಶ್ನೆಗಳನ್ನು ಪ್ರತಿ ಕತೆಗೂ ಮಕ್ಕಳಿಂದಲೇ ಕೇಳಿಸುತ್ತೇನೆ. ದಾದಿಯಮ್ಮನವರ ಸೀಸೆಗಳ ಚಿತ್ರವನ್ನು ನಮ್ಮ ಚಿತ್ರಕಲಾ ಶಿಕ್ಷಕರಿಂದ ಬರೆಸಬೇಕೆಂದಿದ್ದೇನೆ, ಅವರ ಅನುಮತಿ ಬೇಕು.

ನಿವೃತ್ತ_ದಾದಿ
ಧಾರಾಳವಾಗಿ ಬರೆಸಿ ಮೇಷ್ಟ್ರೇ. ಸೀಸೆಗಳಿಗಿಂತ ಬಣ್ಣದ ನೀರಿನ ನಳಿಕೆಯನ್ನು ದೊಡ್ಡದಾಗಿ ಬರೆಸಿ.

ಮುಂಗಾರು_ಮಂಡ್ಯ
ಹುಬ್ಬಳ್ಳಿಯ ಡಾಕ್ಟರಿಗೆ ಒಂದು ಪ್ರಶ್ನೆ. ನನ್ನ ಮಗನಿಗೆ ಆರು ವರ್ಷ. ಕಿವಿಪರೆಯ ಹಿಂದೆ ನೀರು ನಿಂತಿದೆಯೆಂದು ಹೇಳಿ, ಮೂಗಿನಿಂದ ಬಲೂನು ಊದಿಸಲು ಕೊಟ್ಟಿದ್ದಾರೆ. ಇದೂ ಇದೇ ಪರಂಪರೆಯದೇ? ಉಪಯೋಗವಿದೆಯೇ?

ಕಿವಿಮೂಗುಗಂಟಲು_ಹುಬ್ಬಳ್ಳಿ
ಹೌದು. ವಿಯೆನ್ನಾದ ಆಡಮ್ ಪೊಲಿಟ್ಜರ್ 1863ರಲ್ಲಿ ರಬ್ಬರಿನ ಚೀಲದಿಂದ ಒಂದು ಹೊಳ್ಳೆಗೆ ಗಾಳಿಯೊತ್ತಿ, ಅದೇ ಕ್ಷಣಕ್ಕೆ ರೋಗಿಗೆ ಗುಟುಕು ನೀರು ನುಂಗಿಸಿ, ಮೂಗಿನಿಂದ ಕಿವಿಗೆ ಹೋಗುವ ನಾಳವನ್ನು ತೆರೆಸುವ ಉಪಾಯ ಕಂಡುಹಿಡಿದರು. ಬಲೂನಿನಲ್ಲಿ ಅದೇ ಕೆಲಸವನ್ನು ಮಗುವೇ ಮಾಡಿಕೊಳ್ಳುತ್ತದೆ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ 320 ಮಕ್ಕಳಿದ್ದರು. ಮೂರು ತಿಂಗಳ ಕೊನೆಗೆ ಬಲೂನು ಊದಿದವರಲ್ಲಿ ಹತ್ತಿರ ಹತ್ತಿರ ಅರ್ಧ ಮಕ್ಕಳ ಕಿವಿ ಸರಿಹೋಗಿತ್ತು, ಊದದವರಲ್ಲಿ ನೂರಕ್ಕೆ ಮೂವತ್ತೆಂಟು. ಲಾಭ ದೊಡ್ಡದಲ್ಲ, ಆದರೆ ನಿಜವಾದದ್ದು, ಖರ್ಚೂ ಕಡಿಮೆ.

ದಿನಕ್ಕೆ ಮೂರು ಸಲ, ಒಂದು ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ ಇನ್ನೊಂದರಿಂದ ಊದಿಸಿ, ಅನಂತರ ಬದಿ ಬದಲಿಸಿ. ಬಾಯಿ ಮುಚ್ಚಿರಬೇಕು. ನೆಗಡಿ ಜೋರಾಗಿರುವಾಗ, ಕಿವಿ ನೋಯುವಾಗ ನಿಲ್ಲಿಸಿ. ಮೂರು ತಿಂಗಳಾದರೂ ಟಿವಿ ಸದ್ದು ಜೋರು ಮಾಡುತ್ತಲೇ ಇದ್ದರೆ ಕೇಳುವಿಕೆಯ ಪರೀಕ್ಷೆ ಮಾಡಿಸಿ ಮತ್ತೆ ವೈದ್ಯರಿಗೆ ತೋರಿಸಿ.